ಹಿಟ್ಟಾಗಿ ಉದುರಿದ ವಿಮಾನ, ಎರಡನೇ ಸುತ್ತು

ಮಳೆಗಾಲದ ಆಟಿ ತಿಂಗಳಲ್ಲಿ ಅಂಗಡಿಯ ಅಟ್ಟದಿಂದ ಬಿಳಿ ಹಿಟ್ಟು ಉದುರತೊಡಗಿತು. ಮೊದಲ ದಿನ ಗೋಡೆಯ ಸುಣ್ಣ ಇರಬೇಕು ಅಂದುಕೊಂಡೆ. ಮರುದಿನ ನೋಡಿದರೆ ಹೊಸದಾಗಿ ಸುತ್ತಿಟ್ಟ ಪಂಪಿನ ಕಾಯಿಲ್‌ಗಳ ಸಂದಿಯಲ್ಲೆಲ್ಲ ಮೈದಾದಷ್ಟು ನಯವಾದ ಪುಡಿ. ಏಣಿ ಹಾಕಿ ಹತ್ತಿದೆ. ಎರಡು ಮಳೆಗಾಲ ಕೂತು ಕಟ್ಟಿದ ಮಾದರಿ ವಿಮಾನದ ಬಾಲದ ಬಿದಿರು ಗಳವನ್ನು ಹೆಬ್ಬೆರಳಲ್ಲಿ ಒತ್ತಿದ್ದೇ ತಡ, ಹಪ್ಪಳದ ಹಾಗೆ ಮುರಿಯಿತು. ಮೈತುಂಬ ಸೂಜಿಯಿಂದ ಚುಚ್ಚಿದಂಥ ತೂತು. ಕುಟ್ಟೆ ಹುಳ.

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ತುಸು ಒಳಗೆ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಅಡಿಕೆ ತೋಟದ ಪಂಪುಗಳು ಸುಟ್ಟುಕೊಂಡು ಬರುವುದು ಜನವರಿಯಿಂದ ಮೇ ತನಕ. ಮಳೆ ಹಿಡಿಯಿತೆಂದರೆ ಮಿಕ್ಸಿ, ಫ್ಯಾನು ಬಿಟ್ಟು ಬೇರೆ ಕೆಲಸ ಇಲ್ಲ. ಆ ಖಾಲಿ ತಿಂಗಳುಗಳಿಗೆಂದು ಹಿಡಿಸಿಕೊಂಡ ಹುಚ್ಚು ಇದು. ಹಳೆಯ ವಿಮಾನದ ಮಾದರಿ ಮಾಡುವವರು ಹತ್ತರಲ್ಲಿ ಒಂಬತ್ತು ಮಂದಿ ರೈಟ್ ಸಹೋದರರ 1903ರ ಫ್ಲೈಯರ್‌ಗೇ ಕೈ ಹಾಕುತ್ತಾರೆ. ಅದಕ್ಕೆ ಸ್ಪ್ರೂಸ್ ಮರ ಬೇಕು, ಆಶ್ ಮರ ಬೇಕು. ಎರಡೂ ನಮ್ಮಲ್ಲಿ ಬೆಳೆಯುವುದಿಲ್ಲ. ನನಗೆ ಬೇಕಾಗಿದ್ದದ್ದು ಹಿತ್ತಿಲಲ್ಲಿ ಸಿಗುವ ಸಾಮಾನಿನ ವಿಮಾನ.

ಅಂಥದ್ದೊಂದು ಇತ್ತು. ಬ್ರೆಜಿಲಿನ ಕಾಫಿ ಪ್ಲಾಂಟರ್ ಒಬ್ಬರ ಮಗ ಆಲ್ಬರ್ಟೊ ಸಾಂತೋಸ್ ಡುಮಾಂಟ್ ಪ್ಯಾರಿಸ್ಸಿನಲ್ಲಿ ಕೂತು ಕಟ್ಟಿದ ‘ದೆಮ್ವಾಜೆಲ್’. ಮೊದಲನೆಯದು 1907ರಲ್ಲಿ, ಸುಧಾರಿಸಿದ್ದು 1909ರಲ್ಲಿ. ಒಡಲಿಗೆ ಮೂರು ಬಿದಿರು ಗಳ, ಅಡ್ಡ ಕತ್ತರಿಸಿದರೆ ತ್ರಿಕೋನ. ಮೇಲೆ ಒಂದೇ ರೆಕ್ಕೆ, ಅದಕ್ಕೆ ರೇಷ್ಮೆ ಬಟ್ಟೆ. ಎರಡು ಸೈಕಲ್ ಚಕ್ರಗಳ ನಡುವೆ, ನೆಲಕ್ಕೆ ತಾಗುವಷ್ಟು ಕೆಳಗೆ, ಕ್ಯಾನ್ವಾಸ್ ಪಟ್ಟಿಯ ಮೇಲೆ ಆಸಾಮಿ ಕೂರುವುದು. ಆಸಾಮಿ ಇಲ್ಲದೆ ಅದರ ತೂಕ ಸುಮಾರು 110 ಕಿಲೋ, ನಮ್ಮ ಲೆಕ್ಕದಲ್ಲಿ ಒಂದೂವರೆ ಚೀಲ ಸುಲಿದಡಿಕೆ. ಪೇಟೆಂಟ್ ಮಾಡಿಸದೆ, ಬೇಕಾದವರು ಕಟ್ಟಿಕೊಳ್ಳಲಿ ಎಂದು ಅವರು ಬಿಟ್ಟುಕೊಟ್ಟ ಕಾರಣ 1910ರ ಜೂನ್ ಮತ್ತು ಜುಲೈ ತಿಂಗಳ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಪತ್ರಿಕೆಯಲ್ಲಿ ಅದರ ನಕ್ಷೆ ಅಚ್ಚಾಯಿತು. ಆ ನಕ್ಷೆ ಹಿಡಿದುಕೊಂಡೇ ನಾನು ಮೂರನೇ ಒಂದರ ಅಳತೆಗೆ ಕೂತದ್ದು. ಅಸಲಿನ ರೆಕ್ಕೆ ತುದಿಯಿಂದ ತುದಿಗೆ ಐದು ಮೀಟರಿಗಿಂತ ತುಸು ಹೆಚ್ಚು, ನನ್ನದು 1.7 ಮೀಟರ್.

ಮೊದಲ ಸುತ್ತಿನಲ್ಲಿ ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ. ಬಿದಿರು ಕಡಿದದ್ದು ಜೂನಿನಲ್ಲಿ, ಮೊದಲ ಮಳೆ ಬಿದ್ದ ಮೇಲೆ, ಹಿಂಡಿಲಿನ (ಬಿದಿರು ಮೆಳೆಯ) ಅಂಚಿನಲ್ಲಿ ಕೈಗೆ ಸಿಕ್ಕಿದ್ದನ್ನು. ಒಣಗಿಸಿದ್ದು ಅಡಿಗೆಮನೆಯ ಹೊಗೆ ಅಟ್ಟದಲ್ಲಿ ಹದಿನೈದೇ ದಿನ. ಜಾಯಿಂಟುಗಳಿಗೆ ತೂತು ಕೊರೆದು ಬೋಲ್ಟ್ ಹಾಕಿದೆ. ಬಟ್ಟೆ ಅಂಟಿಸಿದ್ದು ಮೈದಾ ಅಂಟಿನಲ್ಲಿ. ಅಂದರೆ ಹುಳಕ್ಕೂ ಜಿರಳೆಗೂ ಬೂಷ್ಟಿಗೂ ಎಲೆ ಹಾಕಿ ಬಡಿಸಿದ್ದೇ ನಾನು.

ಹಿಟ್ಟು ಉದುರಿದ ವಾರ, ಬುಟ್ಟಿ ಹೆಣೆದು ಮಾರುವ ಅಜ್ಜ ಒಬ್ಬರು ಫ್ಯಾನ್ ರಿಪೇರಿಗೆ ತಂದಿದ್ದರು. ಮುರಿದ ಗಳವನ್ನು ತೋರಿಸಿದೆ. ಮೂಗಿನ ಹತ್ತಿರ ಹಿಡಿದು, ತಿರುಗಿಸಿ ನೋಡಿ, “ಇದು ಕಣಿಲೆಯ ತಮ್ಮ ಅಲ್ವಾ ಅಣ್ಣೆರೆ, ಹಾಲು ಕುಡಿಯುವ ಮಗುವನ್ನು ತಂದು ಕಂಬ ಮಾಡಿದ್ದೀರಿ” ಅಂದರು. ಬಿದಿರಿಗೆ ಮೂರು ವರ್ಷ ಆಗಬೇಕು, ನಾಲ್ಕಾದರೆ ಇನ್ನೂ ಒಳ್ಳೆಯದು. ಗಂಟಿನ ಬಳಿ ಹಾಳೆ ಉಳಿದಿದ್ದರೆ ಅದು ಎಳಸು. ಮೈಮೇಲೆ ಬಿಳಿ ಬಿಳಿ ಕಲೆ ಹತ್ತಿರಬೇಕು, ಕತ್ತಿಯ ಬೆನ್ನಲ್ಲಿ ತಟ್ಟಿದರೆ ಲೋಟ ತಟ್ಟಿದಂತೆ ಕೇಳಬೇಕು. ಕಡಿಯುವುದು ದೀಪಾವಳಿ ಕಳೆದ ಮೇಲೆ, ಕೃಷ್ಣಪಕ್ಷದಲ್ಲಿ. ಕಡಿದು ತೋಡಿಗೆ, ಅಂದರೆ ಹರಿಯುವ ಹಳ್ಳಕ್ಕೆ, ಹಾಕಬೇಕು.

ತಿಥಿಯ ವಿಷಯದಲ್ಲಿ ಅಜ್ಜನೊಡನೆ ವಾದ ಮಾಡಲಿಲ್ಲ, ಅಮಾವಾಸ್ಯೆಯ ಹಿಂದಿನ ದಿನವೇ ಕಡಿದೆ. ಆದರೆ ನಾನು ನಂಬಿದ್ದು ತೋಡನ್ನು. ಕುಟ್ಟೆ ಹುಳಕ್ಕೆ ಬೇಕಾದ್ದು ಬಿದಿರಲ್ಲ, ಬಿದಿರಿನೊಳಗಿನ ಗಂಜಿ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಮೊಳಕೆಗಳನ್ನು ಬೆಳೆಸಲು ಹಿಂಡಿಲು ಆ ಗಂಜಿಯನ್ನು ಖರ್ಚು ಮಾಡಿರುತ್ತದೆ. ಉಳಿದದ್ದನ್ನು ನೀರು ಕರಗಿಸಿ ಒಯ್ಯುತ್ತದೆ. ನಮ್ಮಲ್ಲಿ ನವೆಂಬರ್, ಡಿಸೆಂಬರ್ ಅಂದರೆ ತೋಡುಗಳಿಗೆ ಕಟ್ಟ ಹಾಕುವ ಕಾಲ. ಮಣ್ಣಿನ ಮೂಟೆ, ಅಡಿಕೆ ಸಲಕೆ (ಮರದ ಸೀಳು) ಸೇರಿಸಿ ನೀರು ನಿಲ್ಲಿಸುತ್ತಾರಲ್ಲ, ಅದರ ಕೆಳಗೆ ನೀರು ಧುಮುಕಿ ಹರಿಯುವಲ್ಲಿ ಏಳು ಗಳಗಳನ್ನು ಕಲ್ಲು ಹೇರಿ ಮುಳುಗಿಸಿದೆ. ಒಂದನ್ನು ಮಾತ್ರ ನೀರಿಗೆ ಹಾಕದೆ ಅಂಗಡಿಯಲ್ಲೇ ಒಣಗಲು ಬಿಟ್ಟೆ.

ಎರಡನೇ ವಾರಕ್ಕೆ ಹುಳಿ ವಾಸನೆ. ತುದಿಯಿಂದ ಗುಳುಗುಳು ಗುಳ್ಳೆ. ತೋಡಿನಾಚೆಯ ತೋಟದ ಮಾವ “ಎಂತ ಮಾರಾಯ, ಸತ್ತ ನಾಯಿಯನ್ನೇನಾದರೂ ಹೂತಿದ್ದೀಯಾ?” ಎಂದು ಕೂಗಿ ಕೇಳಿದರು. ನಾಲ್ಕು ವಾರಕ್ಕೆ ವಾಸನೆ ಹೋಯಿತು. ತೆಗೆದು ನೆರಳಲ್ಲಿ ನಿಲ್ಲಿಸಿ ಒಣಗಿಸಿದೆ.

ಆಮೇಲೆ ಒಂದು ಪರೀಕ್ಷೆ. ಮಗಳ ವಿಜ್ಞಾನ ಪಾಠದ್ದೇ. ನೆನೆಸಿದ ಗಳದ್ದೊಂದು ತುಂಡು, ನೆನೆಸದ್ದರದ್ದೊಂದು ತುಂಡು, ಎರಡನ್ನೂ ಬ್ಲೇಡಿನಲ್ಲಿ ಓರೆಯಾಗಿ ಕೊಯ್ದು ಟಿಂಚರ್ ಅಯೋಡಿನ್ ಒಂದೊಂದು ಹನಿ ಬಿಟ್ಟೆವು. ನೆನೆಸದ ತುಂಡಿನ ಒಳಮೈ ಅರೆ ನಿಮಿಷದಲ್ಲಿ ಶಾಯಿ ಚೆಲ್ಲಿದ ಹಾಗೆ ಕಡುನೀಲಿ. ನೆನೆಸಿದ್ದರಲ್ಲಿ ಹನಿ ಬಿದ್ದ ಕಂದು ಬಣ್ಣ ಹಾಗೇ ಉಳಿಯಿತು, ಅಲ್ಲಲ್ಲಿ ಮಾತ್ರ ಸಣ್ಣ ನೀಲಿ ಚುಕ್ಕೆ. “ಅಜ್ಜನಿಗೆ ಇದನ್ನು ತೋರಿಸಬೇಕು ಅಪ್ಪ” ಎಂದಳು ಮಗಳು. ತೋರಿಸಿದೆವು. ಅಜ್ಜ ನೋಡಿ, “ಇದಕ್ಕೆ ಮದ್ದು ಯಾಕೆ, ನಾಲಗೆಗೆ ಇಟ್ಟರೆ ಗೊತ್ತಾಗುವುದಿಲ್ಲವಾ?” ಎಂದರು.

ಆ ಚುಕ್ಕೆಗಳಿಗಾಗಿ ಇನ್ನೊಂದು ಭದ್ರತೆ ಮಾಡಿದೆ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ 300 ಗ್ರಾಂ, ಬೋರಿಕ್ ಆಸಿಡ್ 200 ಗ್ರಾಂ (ಕೇರಂ ಬೋರ್ಡಿಗೆ ಉದುರಿಸುತ್ತಿದ್ದ ಪೌಡರೇ ಅದು), ಹತ್ತು ಲೀಟರ್ ಬಿಸಿ ನೀರು. ಉದ್ದನೆಯ ಕಬ್ಬಿಣದ ಸರಳನ್ನು ಒಳಗೆ ಇಳಿಸಿ ಗಂಟುಗಳ ಒಳಪರದೆಯನ್ನೆಲ್ಲ ಒಡೆದೆ. ಇಲ್ಲದಿದ್ದರೆ ಮದ್ದು ಒಳಗೆ ಹೋಗುವ ದಾರಿಯೇ ಇಲ್ಲ, ಬಿದಿರಿನ ಹೊರಮೈ ಹೆಂಚಿನಷ್ಟು ಬಿಗಿ. ಆರಿಂಚು ಪಿವಿಸಿ ಪೈಪಿಗೆ ಒಂದು ಬದಿ ಮುಚ್ಚಳ ಬಡಿದು, ಅದರಲ್ಲಿ ಮದ್ದು ತುಂಬಿ, ಗಳಗಳನ್ನು ಒಂದು ವಾರ ನಿಲ್ಲಿಸಿದೆ.

ಈಗ ಜಾಯಿಂಟು. ಮೊದಲ ಸಲ ಮೂರು ಗಳಗಳೂ ಬೋಲ್ಟಿನ ತೂತಿನಿಂದ ಶುರುವಾಗಿ ಗಂಟಿನ ತನಕ ಸೀಳಿದ್ದವು. ಬಿದಿರಿನ ನಾರೆಲ್ಲ ಉದ್ದಕ್ಕೇ ಓಡುವುದು. ಅಡ್ಡಕ್ಕೆ ಹಿಡಿದುಕೊಳ್ಳುವ ನಾರು ಒಂದೂ ಇಲ್ಲ. ತೂತು ಕೊರೆದರೆ ಸೀಳಲು ಗೆರೆ ಎಳೆದುಕೊಟ್ಟ ಹಾಗೆ. ಇದಕ್ಕೆ ಪರಿಹಾರ ಸಿಕ್ಕಿದ್ದು ತೆಯ್ಯಂಗೆ (ಭೂತಕೋಲದಂಥ ಆರಾಧನೆ) ತಲೆಗೆ ಹೊರುವ ಮುಡಿ ಕಟ್ಟುವ ಹುಡುಗನೊಬ್ಬನಿಂದ. ತುಲಾ ಮಾಸದ ಪತ್ತಾಮುದಯಕ್ಕೆ (ಅಕ್ಟೋಬರ್ ಕೊನೆ) ತೆಯ್ಯಂಗಳು ಶುರುವಾದರೆ ಇಡವದ (ಮೇ, ಜೂನ್) ತನಕ ಅವನಿಗೆ ಪುರುಸೊತ್ತಿಲ್ಲ. ತೆಯ್ಯಂ ಉತ್ಸವವಾದ ಕಳಿಯಾಟದ ನಡುವಿನ ಒಂದು ಮಧ್ಯಾಹ್ನ ಬಂದವನು ನನ್ನ ಬೋಲ್ಟುಗಳನ್ನು ನೋಡಿ ನಕ್ಕ. ಆಳೆತ್ತರಕ್ಕೂ ಮೀರಿದ ಮುಡಿಗಳನ್ನು ಬಿದಿರು, ಅಡಿಕೆ ಸಲಕೆಯಲ್ಲೇ ಕಟ್ಟುವವನು. ಅದನ್ನು ತಲೆಗೆ ಬಿಗಿದುಕೊಂಡು ಮನುಷ್ಯ ಕುಣಿಯುತ್ತಾನೆ, ಒಂದು ಮೊಳೆಯೂ ಇಲ್ಲ. “ಕೊರೆಯಬೇಡಿ ಚೇಟಾ, ಕಟ್ಟಿ” ಎಂದ.

ಕಟ್ಟುವುದು ನನ್ನ ಕಸುಬೇ ಅಲ್ಲವಾ! ಮೋಟಾರಿನ ಕಾಯಿಲ್ ತಲೆಗಳನ್ನು ಬೈಂಡಿಂಗ್ ದಾರದಲ್ಲಿ ಬಿಗಿದು, ವಾರ್ನಿಷ್ ಕುಡಿಸಿ ಗಟ್ಟಿ ಮಾಡುವುದನ್ನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ. ಅದೇ ದಾರ, ಅದೇ ವಾರ್ನಿಷ್ ಎದುರಿಗೇ ಇತ್ತು. ತಲೆಗೆ ಹೊಳೆದಿರಲಿಲ್ಲ, ಅಷ್ಟೇ. ಅಡ್ಡಗಳುವಿನ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆದು ಉದ್ದಗಳಕ್ಕೆ ಕೂರಿಸುವುದು. ದಾರವನ್ನು ಮೊದಲು ಎಂಟರ ಆಕಾರದಲ್ಲಿ ಆರು ಸುತ್ತು. ಆಮೇಲೆ ಎರಡು ಗಳಗಳ ಸಂದಿಯೊಳಗಿಂದ ದಾರದ ಮೇಲೇ ನಾಲ್ಕು ಸುತ್ತು. ಈ ಒಳಸುತ್ತೇ ಕಟ್ಟನ್ನು ಬಿಗಿ ಮಾಡುವುದು, ಇದಿಲ್ಲದಿದ್ದರೆ ಎಂಟು ಸುತ್ತಿದರೂ ಅಷ್ಟೇ, ಹದಿನೆಂಟು ಸುತ್ತಿದರೂ ಅಷ್ಟೇ. ಗಂಟು ಹಾಕಿ ಏರ್ ಡ್ರೈ ವಾರ್ನಿಷ್ ಎರಡು ಕೋಟ್. ಒಣಗಿದ ಮೇಲೆ ಉಗುರಲ್ಲಿ ತಟ್ಟಿದರೆ ಎಲುಬು ತಟ್ಟಿದ ಸದ್ದು. ಒಡಲು ಪೂರ್ತಿ ಇಂಥ ಇಪ್ಪತ್ತನಾಲ್ಕು ಕಟ್ಟು, ಬೋಲ್ಟು ಸೊನ್ನೆ. ಎಂಜಿನ್ ಕೂರುವ ಒಂದು ಕಡೆ ಮಾತ್ರ ತೂತು ಅನಿವಾರ್ಯವಾಯಿತು. ಅಲ್ಲಿ ತೂತಿನ ಎರಡೂ ಬದಿಗೆ 18 ಗೇಜ್ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಬೆಸುಗೆ ಇಟ್ಟು, ಆಮೇಲಷ್ಟೇ ಡ್ರಿಲ್ ಹಿಡಿದೆ.

ರೆಕ್ಕೆಯ ಪಕ್ಕೆಲುಬುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿದಿರಿನ ಸೀಳು, ಹಲಗೆಗೆ ಮೊಳೆ ಹೊಡೆದು ಮಾಡಿದ ಅಚ್ಚು, ಮೊಂಬತ್ತಿಯ ಬಿಸಿ. ಬಾಗಿಸುವಾಗ ಹಸಿರು ಹೊರಮೈ ಹೊರಗಡೆಗೇ ಇರಬೇಕು, ಒಳಗೆ ಮಾಡಿದರೆ ಚಿಟ್ ಅಂತ ಸಿಡಿಯುತ್ತದೆ. ಹದಿನೆಂಟು ಬೇಕಿತ್ತು, ಇಪ್ಪತ್ತೇಳು ಮಾಡಿದೆ.

ಪ್ರೊಪೆಲ್ಲರಿನದ್ದು ಬೇರೆಯೇ ಪುರಾಣ. ಅಜ್ಜನ ಕಾಲದ ಮನೆಯ ಹಲಸಿನ ದಾರಂದ ಒಂದು ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದನ್ನು ಮಿಲ್ಲಿನಲ್ಲಿ 6 ಮಿಲಿಮೀಟರ್ ದಪ್ಪದ ಪಟ್ಟಿಗಳಾಗಿ ಸೀಳಿಸಿದೆ. ಐದು ಪಟ್ಟಿ ಒಂದರ ಮೇಲೊಂದು, ನಡುವೆ ಫೆವಿಕಾಲ್ ಮರೈನ್, ಹೊರಗೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದೆಳೆದು ಬಿಗಿತ. ಒಟ್ಟು ದಪ್ಪ 3 ಸೆಂಟಿಮೀಟರ್, ಉದ್ದ 65.

ಪ್ರೊಪೆಲ್ಲರ್ ಅಂದರೆ ಗಾಳಿಯಲ್ಲಿ ಕೊರೆದುಕೊಂಡು ಹೋಗುವ ಸ್ಕ್ರೂ. ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕು. ನಾನು 35 ಸೆಂಟಿಮೀಟರ್ ಎಂದಿಟ್ಟುಕೊಂಡೆ. ಅಲಗಿನ ತುದಿಯ ಭಾಗ ಒಂದು ಸುತ್ತಿನಲ್ಲಿ ದೊಡ್ಡ ವೃತ್ತ ಸುತ್ತುತ್ತದೆ, ಬುಡದ ಭಾಗ ಸಣ್ಣ ವೃತ್ತ. ಎರಡೂ ಅದೇ 35 ಸೆಂಟಿಮೀಟರ್ ಮುಂದೆ ಹೋಗಬೇಕಾದರೆ ಬುಡ ಹೆಚ್ಚು ವಾಲಿರಬೇಕು, ತುದಿ ಕಡಿಮೆ. ಲೆಕ್ಕ ಹಾಕಿದರೆ ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿ 10.5 ಡಿಗ್ರಿ, 15ರಲ್ಲಿ 20.4, ಏಳೂವರೆಯಲ್ಲಿ 36.6. ಬುಡದ ಬಳಿ ಅಲಗಿನ ಅಗಲ 5 ಸೆಂಟಿಮೀಟರ್ ಇಟ್ಟು 36.6 ಡಿಗ್ರಿ ವಾಲಿಸಿದರೆ ಎತ್ತರ ಸರಿಯಾಗಿ 3 ಸೆಂಟಿಮೀಟರ್ ಬರುತ್ತದೆ. ಐದೇ ಪಟ್ಟಿ ಯಾಕೆ ಎಂದರೆ ಇದಕ್ಕೇ. ಒಂದೊಂದು ಅಳತೆಗೂ ರಟ್ಟಿನಲ್ಲಿ ಒಂದೊಂದು ಕೋನ ಕತ್ತರಿಸಿಟ್ಟುಕೊಂಡು, ಉಳಿ, ಕೀಸುಳಿ, ಅರ, ಕೊನೆಗೆ ಉಪ್ಪುಕಾಗದ. ಕೊರೆಯುತ್ತ ಹೋದ ಹಾಗೆ ಪಟ್ಟಿಗಳ ಅಂಚು ಮೈಮೇಲೆ ಗೆರೆಗೆರೆಯಾಗಿ ಏಳುತ್ತವೆ. ಎರಡು ಅಲಗಿನ ಗೆರೆಗಳು ಒಂದೇ ತೆರನಾಗಿ ಕಂಡರೆ ಕೆತ್ತನೆ ಸರಿ ಎಂದು ಕಣ್ಣಿಗೇ ಗೊತ್ತಾಗುತ್ತದೆ.

ನನ್ನದರಲ್ಲಿ ಗೆರೆಗಳು ಬಹಳ ಚೆಂದ ಕಂಡವು. ಎರಡೂ ಅಲಗು ಕನ್ನಡಿ ಹಿಡಿದ ಹಾಗೆ. ಹದಿನಾರು ರಾತ್ರಿಯ ಕೆಲಸ. ಮೊಳೆಗೆ ಸಿಕ್ಕಿಸಿ ಟೇಬಲ್ ಫ್ಯಾನಿನ ಎದುರು ಹಿಡಿದೆ. ಅಲ್ಲಾಡಲಿಲ್ಲ. ಕೈಯಲ್ಲಿ ತಿರುಗಿಸಿ ಬಿಟ್ಟೆ, ನಿಂತಿತು. ಮಗಳು ಬಂದು ಎರಡೂ ಬದಿ ಬೆರಳಾಡಿಸಿ, “ಅಪ್ಪ, ಒಂದು ರೆಕ್ಕೆ ಮುಂದೆ ನೂಕುತ್ತದೆ, ಇನ್ನೊಂದು ಹಿಂದೆ ನೂಕುತ್ತದೆ” ಎಂದಳು. ಹೌದು, ಕನ್ನಡಿ ಹಿಡಿದ ಹಾಗೆ ಕಾಣಲೇ ಬಾರದು! ಒಂದು ಅಲಗನ್ನು ಅರ್ಧ ಸುತ್ತು ತಿರುಗಿಸಿದಾಗ ಇನ್ನೊಂದರ ಜಾಗಕ್ಕೆ ಅದು ಬಂದು ಕೂರಬೇಕು. ದಿನಾ ಮೋಟಾರಿನ ಕನೆಕ್ಷನ್ ಅದಲು ಬದಲು ಮಾಡಿ ಉಲ್ಟಾ ತಿರುಗಿಸುವವನು ನಾನು, ನನ್ನ ಕಣ್ಣಿಗೇ ಮಣ್ಣು ಬಿದ್ದಿತ್ತು. ಪುಣ್ಯಕ್ಕೆ ದಾರಂದಕ್ಕೆ ಎರಡು ಕಾಲು ಇತ್ತು. ಎರಡನೆಯದರಲ್ಲಿ ಮತ್ತೆ ಪಟ್ಟಿ ಸೀಳಿಸಿ ಹತ್ತೇ ರಾತ್ರಿಯಲ್ಲಿ ಮುಗಿಸಿದೆ. ತೂಕ ಸಮ ಮಾಡುವುದಕ್ಕೆ ಎರಡು ಶೇವಿಂಗ್ ಬ್ಲೇಡ್ ನಿಲ್ಲಿಸಿ ಅದರ ಮೇಲೆ ಅಡ್ಡಸರಳು. ಮೇಲೇಳುವ ಅಲಗಿನ ತುದಿಗೆ ಒಂದೊಂದು ಕೋಟ್ ವಾರ್ನಿಷ್ ಹೆಚ್ಚು ಬಳಿಯುತ್ತ ಹೋದೆ. ಹಳೆಯದಕ್ಕೆ ಮೊಳೆ ಹೊಡೆದು ಹೆಂಡತಿ ಜಗಲಿಯಲ್ಲಿ ಕೊಡೆ ನೇತುಹಾಕಲು ಇಟ್ಟಿದ್ದಾಳೆ. ಬಂದವರಿಗೆಲ್ಲ ಅದರ ಕತೆ ಹೇಳುತ್ತಾಳೆ ಕೂಡ.

ಬಟ್ಟೆ. ಅಸಲಿನದ್ದು ರೇಷ್ಮೆ, ರೆಕ್ಕೆಯ ಮೇಲೂ ಕೆಳಗೂ. ಮೊದಲ ಸಲ ನಾನು ಹತ್ತಿ ಮುಂಡಿನಲ್ಲಿ ಜಾರಿಕೊಂಡಿದ್ದೆ. ಈ ಸಲ ಅಮ್ಮ ಕಪಾಟಿನಿಂದ ಅಪ್ಪನ ಪಟ್ಟೆ (ರೇಷ್ಮೆ) ಮಡಿ ತೆಗೆದುಕೊಟ್ಟರು. ಮಡಿಕೆಯಲ್ಲಿ ಅಲ್ಲಲ್ಲಿ ಸವೆದಿತ್ತು, ದೇವರ ಪೂಜೆಗೆ ಇನ್ನು ಬಾರದು. “ಅವರಂತೂ ವಿಮಾನ ಹತ್ತಲಿಲ್ಲ, ಅವರ ಮಡಿಯಾದರೂ ಹತ್ತಲಿ” ಎಂದರು. ಕತ್ತರಿ ಹಾಕುವಾಗ ಮಾತ್ರ ಒಳಗೆ ಹೋಗಿಬಿಟ್ಟರು. ಒದ್ದೆ ಮಾಡಿ, ಹಿಂಡಿ, ಪಕ್ಕೆಲುಬಿಗೆ ಸೂಜಿ ದಾರದಲ್ಲಿ ಹೊಲಿದು ಫೆಬ್ರವರಿಯ ಬಿಸಿಲಿಗಿಟ್ಟೆ. ಒಣಗುತ್ತ ಬಂದ ಹಾಗೆ ಚೆಂಡೆಯ ಚರ್ಮದಂತೆ ಬಿಗಿದುಕೊಂಡಿತು. ಎಷ್ಟೆಂದರೆ ತುದಿಯ ಎರಡು ಪಕ್ಕೆಲುಬು ಒಳಕ್ಕೆ ಬಾಗಿದವು. ಅವೆರಡನ್ನು ಬಿಚ್ಚಿ ಜೋಡಿ ಸೀಳು ಹಾಕಿದೆ. ಮೇಲೆ ತೆಳು ವಾರ್ನಿಷ್. ಪಟ್ಟೆಗೆ ತುಪ್ಪದ ಬಣ್ಣ ಬಂತು.

ತಂತಿ ಬಿಗಿತಕ್ಕೆ ಟರ್ನ್‌ಬಕಲ್ ಅಷ್ಟು ಸಣ್ಣದು ಪೇಟೆಯಲ್ಲಿ ಸಿಗುವುದಿಲ್ಲ. ಸೈಕಲ್ ಕಡ್ಡಿಯ ತಿರುಪಿನ ಗೆರೆಯಿರುವ ತುದಿಯನ್ನು ಎರಡಿಂಚು ಕತ್ತರಿಸಿ, ಇನ್ನೊಂದು ತುದಿ ಬಾಗಿಸಿ ಕೊಂಡಿ ಮಾಡಿ ಅದಕ್ಕೆ ತಂತಿ ಕಟ್ಟುವುದು. ಸಣ್ಣ ಹಿತ್ತಾಳೆ ಪಟ್ಟಿಯ ತೂತಿನಲ್ಲಿ ನಿಪ್ಪಲ್ ಕೂರಿಸಿ ಅದರೊಳಗೆ ಕಡ್ಡಿ. ನಿಪ್ಪಲ್ ತಿರುಗಿಸಿದರೆ ತಂತಿ ಬಿಗಿ. ಎಡದ ತಂತಿ ಮೀಟಿ, ಬಲದ್ದು ಮೀಟಿ, ಸ್ವರ ಒಂದೇ ಬರುವ ತನಕ ತಿರುಗಿಸುವುದು. ಬಾಲ ಇಡೀ ಒಂದೇ ತುಂಡು, ಅಡ್ಡಕ್ಕೂ ಉದ್ದಕ್ಕೂ ಸೇರಿದ ಕೂಡಿಸು ಚಿಹ್ನೆಯ ಆಕಾರ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಎಲ್ಲ ಅದೊಂದೇ ತಿರುಗಬೇಕು. ಸಾಕೆಟ್ ಸ್ಪ್ಯಾನರ್ ಸೆಟ್ಟಿನ, ಎಲ್ಲ ದಿಕ್ಕಿಗೂ ಮಣಿಯುವ ಯೂನಿವರ್ಸಲ್ ಜಾಯಿಂಟನ್ನು ಅಲ್ಲಿ ಇಟ್ಟೆ. ಅಳತೆಗೆ ಸ್ವಲ್ಪ ದಪ್ಪವೇ, ಆದರೂ ಬಿಟ್ಟೆ.

ನನಗೆ ಇಡೀ ವಿಮಾನದಲ್ಲಿ ಇಷ್ಟದ ಸಂಗತಿ ಬೇರೆ. ಸಾಂತೋಸ್ ಡುಮಾಂಟರ ಒಂದು ಕೈ ಎಡ ಬಲಕ್ಕೆ, ಇನ್ನೊಂದು ಕೈ ಮೇಲೆ ಕೆಳಗೆ ಮಾಡುವುದಕ್ಕೆ. ರೆಕ್ಕೆ ತಿರುಚುವುದಕ್ಕೆ ಕೈ ಉಳಿಯಲಿಲ್ಲ. ಅದಕ್ಕೆ ಬೆನ್ನ ಹಿಂದೆ ಒಂದು ಸನ್ನೆ ಇಟ್ಟು, ಅದನ್ನು ಕೋಟಿನ ಬೆನ್ನಿಗೆ ಹೊಲಿಸಿದ ಜೇಬಿನೊಳಗೆ ತೂರಿಸಿಕೊಂಡರು. ಎಡರೆಕ್ಕೆ ಕುಸಿಯಿತೋ, ಮೈ ಬಲಕ್ಕೆ ವಾಲಿಸುವುದು. ತಂತಿ ಎಳೆದು ಕುಸಿದ ರೆಕ್ಕೆಯ ಹಿಂದಿನ ಅಂಚು ಕೆಳಗೆ ಬಾಗುತ್ತದೆ, ರೆಕ್ಕೆ ಏಳುತ್ತದೆ. ಸೀಟಿನಲ್ಲಿ ಮಗಳ ಹಳೆಯ ಗೊಂಬೆಯನ್ನು ಕೂರಿಸಿ, ಅದರ ಅಂಗಿಯ ಬೆನ್ನಿಗೂ ಒಂದು ಜೇಬು ಹೊಲಿಸಿದ್ದೇನೆ. ಗೊಂಬೆಯನ್ನು ವಾಲಿಸಿದರೆ ರೆಕ್ಕೆ ಅರ್ಧ ಬೆರಳಷ್ಟು ತಿರುಚುತ್ತದೆ. ಬಿದಿರಿನ ಗುಣ ಇಲ್ಲಿ ಕೆಲಸಕ್ಕೆ ಬಂತು, ಬಾಗಿ ಮತ್ತೆ ಮೊದಲಿನ ಹಾಗೆಯೇ ಬರುತ್ತದೆ.

ಎಂಜಿನ್ ಬರೀ ತೋರಿಕೆಯದು. ಎದುರುಬದುರು ಮಲಗಿದ ಎರಡು ಸಿಲಿಂಡರ್‌ಗಳಿಗೆ ಮೋಟಾರಿಗೆ ಹಾಕುವ ಲೆದರಾಯ್ಡ್ ಕಾಗದ ಸುತ್ತಿ ಬಣ್ಣ ಬಳಿದದ್ದು, ಒಳಗೆ ಕಾರಿನ ವೈಪರ್ ಮೋಟಾರ್. ರೇಡಿಯೇಟರ್ ಮಾತ್ರ ಮನಸ್ಸಿಟ್ಟು ಮಾಡಿದೆ. ಅಸಲಿನಲ್ಲಿ ಎಂಜಿನ್ನಿನ ನೀರು ತಣಿಯಲು ರೆಕ್ಕೆಯ ಕೆಳಮೈಗೆ ಸಪೂರ ತಾಮ್ರದ ಕೊಳವೆಗಳನ್ನು ಹಾಯಿಸಿದ್ದರು. ನನ್ನಲ್ಲಿ ತಾಮ್ರಕ್ಕೆ ಏನು ಬರ? ಸುಟ್ಟ ಮೋಟಾರುಗಳದ್ದೇ ದಪ್ಪ ತಂತಿ ಆರಿಸಿ, ಎನಾಮಲ್ ಕೆರೆದು, ಎಳೆದು ನೆಟ್ಟಗೆ ಮಾಡಿ ಸಾಲಾಗಿ ಇಟ್ಟೆ. ಹುಣಸೆಹುಳಿ ಹಾಕಿ ಉಜ್ಜಿದ್ದು ಹೆಂಡತಿ.

ವಿಷುವಿನ ಹಿಂದಿನ ದಿನ ಮನೆಯ ಜಗಲಿಯ ಜಂತಿಗೆ ನೇತುಹಾಕಿದೆವು. “ಹಾರುತ್ತದಾ?” ಎಂದು ಬಂದವರೆಲ್ಲ ಕೇಳುತ್ತಾರೆ. ಇಲ್ಲ, ತಿರುಗುತ್ತದೆ. ಅಜ್ಜನೂ ಬಂದು ಗಳಗಳನ್ನು ಒಂದೊಂದಾಗಿ ತಟ್ಟಿ ಕೇಳಿ, ಒಂದು ಎಲೆ ಹಾಕಿಕೊಂಡು ಹೋದರು. ಆ ಮಳೆಗಾಲ ದಾಟಿತು. ಪಟ್ಟೆ ಸ್ವಲ್ಪ ಸಡಿಲವಾಗಿ, ಬಿಸಿಲು ಬಂದಾಗ ಮತ್ತೆ ಬಿಗಿದುಕೊಂಡಿತು. ಹಿಟ್ಟು ಒಂದು ಚಿಟಿಕೆಯೂ ಇಲ್ಲ.

ಮೊನ್ನೆ ಬೆಳಿಗ್ಗೆ ಜಗಲಿಯಲ್ಲಿ ಒಂದು ಪುಟ್ಟ ರಾಶಿ. ಎದೆ ಧಸಕ್ಕೆಂದಿತು. ಮುಟ್ಟಿದರೆ ಹಿಟ್ಟಲ್ಲ, ತರಿತರಿಯಾದ ಹೊಟ್ಟು, ಗರಗಸದ್ದರ ಹಾಗೆ. ತಲೆಯೆತ್ತಿದರೆ ಬಾಲದ ಕೆಳಗಳದಲ್ಲಿ ಡ್ರಿಲ್ ಇಟ್ಟು ಕೊರೆದಷ್ಟು ದುಂಡನೆಯ ತೂತು, ಅದರೊಳಗೆ ಗುಂಯ್ ಅನ್ನುವ ಸದ್ದು. ನೋಡುತ್ತಿದ್ದ ಹಾಗೇ ಹೆಬ್ಬೆರಳ ಗಾತ್ರದ ಕರಿ ದುಂಬಿ ಹಿಂದುಹಿಂದಕ್ಕೆ ಹೊರಬಂದು, ನೀಲಿ ಮಿಂಚುವ ರೆಕ್ಕೆ ಕೊಡವಿ, ಮಾವಿನ ಮರದತ್ತ ಹೋಯಿತು. ಬಿಳಿಗಾರವೂ ಬೋರಿಕ್ಕೂ ಇದಕ್ಕೆ ಯಾವ ಲೆಕ್ಕ? ಅದು ಬಿದಿರನ್ನು ತಿನ್ನುವುದಿಲ್ಲ, ಕೊರೆದು ಉಗುಳುತ್ತದೆ. ಒಳಗೆ ಮನೆ ಮಾಡಿ ಮೊಟ್ಟೆ ಇಡುತ್ತದೆ. ಗಂಟುಗಳ ಪರದೆ ಒಡೆದು ದಾರಿ ಮಾಡಿಕೊಟ್ಟವನೂ ನಾನೇ.

ಮುಡಿ ಕಟ್ಟುವ ಹುಡುಗ ಸಂಜೆ ಬಂದವನು ನೋಡಿ ಬಿದ್ದು ಬಿದ್ದು ನಕ್ಕ. ಫ್ರೆಂಚಿನಲ್ಲಿ ದೆಮ್ವಾಜೆಲ್ ಎಂದರೆ ಸಪೂರ ಮೈಯ ಏರೋಪ್ಲೇನ್ ಚಿಟ್ಟೆಗೂ ಹೆಸರು ಎಂದು ಅವನಿಗೆ ಹಿಂದೆಯೇ ಹೇಳಿದ್ದೆ. ಮಲಯಾಳದಲ್ಲಿ ಅದು ತುಂಬಿ. ನಮ್ಮ ಹಳಗನ್ನಡದಲ್ಲಿ ತುಂಬಿ ಎಂದರೆ ದುಂಬಿ. “ನಿಮ್ಮ ತುಂಬಿ ನಮ್ಮ ತುಂಬಿಯೊಳಗೆ ಬಾಡಿಗೆಗೆ ಬಂತಲ್ಲ ಚೇಟಾ” ಎಂದ.

ತೂತಿಗೆ ಬೂಚು ಬಡಿಯಲು ಹೊರಟಿದ್ದೆ, ಮಗಳು ಬಿಡಲಿಲ್ಲ. ಮರಿ ಹಾರಿ ಹೋಗುವ ತನಕ ಆ ಗಳ ಹಾಗೇ ಇರುತ್ತದೆ. ತೋಡಿನಲ್ಲಿ ನೆನೆಸಿದ ಗಳ ಅಂಗಡಿಯ ಅಟ್ಟದಲ್ಲಿ ಇನ್ನೆರಡು ಉಂಟು.